ಎರಡು ಹೃದಯಗಳ ರಾಜಕುಮಾರಿಯನ್ನು ಬರೆದಾತ

ನಾವು ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ, ನಮ್ಮಲ್ಲಿ ಟೇಬಲು ಒರಸುತ್ತಿದ್ದ ಹುಡುಗನೊಬ್ಬನು ಅಪರಾಹ್ನದ ಬಿಡುವಿನ ವೇಳೆ ಮಾಳಿಗೆಯ ಮೆಟ್ಟಿಲಿನ ಮೇಲೆ ಕುಳಿತು ಒಂದು ದಪ್ಪ ಪುಸ್ತಕವನ್ನು ಕೊನೆಯ ಪುಟದಿಂದ ಮೊದಲ ಪುಟದತ್ತ ಓದುತ್ತಿದ್ದನು. ಹುಡುಗನಿಗೆ ಓದು ಬಾರದೆಂದೇ ನಾವು ಮೊದಲು ಬಗೆದೆವು. ಅದು ಜಪಾನಿನ ಚಿತ್ರಕಥೆಯೊಂದರ ಇಂಗ್ಲಿಷು ಭಾಷಾಂತರವೆಂದೂ, ಆ ನಾಡಿನ ಪುಸ್ತಕಗಳು ಬಲದಿಂದ ಎಡಕ್ಕೆ ತೆರೆದುಕೊಳ್ಳುವುವೆಂದೂ, ಅವಕ್ಕೆ ಮಾಂಗಾ ಎಂಬ ಹೆಸರುಂಟೆಂದೂ ಅವನೇ ನಮಗೆ ತಿಳಿಸಿಕೊಡಬೇಕಾಯಿತು. ಅಡಿಗೆಯವರು ಅದನ್ನು ಮಂಗನ ಪುಸ್ತಕವೆಂದು ಕರೆದು ನಕ್ಕರು. ನಾವಾದರೋ ನಗಲಿಲ್ಲ. ರಾತ್ರಿಶಾಲೆಯ ಪರೀಕ್ಷೆ ಹತ್ತಿರ ಬಂದಿರುವಾಗ ಇಂತಹ ಬೊಂಬೆ ಪುಸ್ತಕವೇಕೆಂದು ಗದರಿಸಿ, ಅದನ್ನು ಕಿತ್ತುಕೊಂಡು ಗಲ್ಲಾಪೆಟ್ಟಿಗೆಯೊಳಗೆ ಇಟ್ಟೆವು. ಆ ರಾತ್ರಿ ಲೆಕ್ಕ ಮುಗಿಸಿದ ಮೇಲೆ ಸುಮ್ಮನೆ ಕೈಗೆತ್ತಿಕೊಂಡುದು, ಎರಡು ಗಂಟೆಯಾದರೂ ಕೆಳಗಿಡಲಾಗಲಿಲ್ಲ.

ಹೀಗೆ ನಮಗೆ ಅಂಟಿದ ಈ ಗೀಳಿನ ಮೂಲವನ್ನು ಹುಡುಕುತ್ತ ಹೋದಾಗ ಎದುರಾದ ಹೆಸರು ಒಸಾಮು ತೆಜುಕಾ. ಪ್ರೇಮ ಮತ್ತು ಮಾಯಾಲೋಕಗಳೆರಡನ್ನೂ ಹೆಣೆದು ಹೆಣ್ಣುಮಕ್ಕಳಿಗಾಗಿ ತಿಂಗಳು ತಿಂಗಳು ಮುಂದುವರಿಯುವ ದೀರ್ಘ ಚಿತ್ರಕಥೆಯ ದಾರಿಯನ್ನು ಜಪಾನಿನಲ್ಲಿ ಹಾಕಿಕೊಟ್ಟವರಲ್ಲಿ ಅವರೇ ಮುಖ್ಯರು. ಅವರ ಚರಿತ್ರೆಯನ್ನು ನಮ್ಮ ಹೋಟೆಲು ಬಂಧುಗಳಿಗೂ ಆಫೀಸಿನ ಗುಮಾಸ್ತ ಮಿತ್ರರಿಗೂ ಇಂದು ನಿವೇದಿಸುತ್ತಿದ್ದೇವೆ.

ತೆಜುಕಾ ಜನಿಸಿದುದು 1928ರ ನವಂಬರ 3ರಂದು, ಒಸಾಕಾ ಪ್ರಾಂತದ ತೊಯೊನಾಕದಲ್ಲಿ. ಅಂದು ಮೇಜಿ ಚಕ್ರವರ್ತಿಯ ಜನ್ಮದಿನದ ಹಬ್ಬವಾದುದರಿಂದ ಆ ಹೆಸರಿನ ಒಂದು ಅಕ್ಷರವನ್ನೇ ಮಗುವಿಗೆ ಇಟ್ಟರು. ಮುಂದೆ ಬಾಲಕನು ಕೀಟಗಳ ಹುಚ್ಚಿನಲ್ಲಿ ಬಿದ್ದು, ಒಸಾಮುಷಿ ಎಂಬ ನೆಲದ ಜೀರುಂಡೆಯ ನೆನಪಿಗಾಗಿ ತನ್ನ ಹೆಸರಿನ ಕೊನೆಗೆ ಹುಳು ಎಂಬರ್ಥದ ಮತ್ತೊಂದು ಅಕ್ಷರವನ್ನು ತಾನೇ ಸೇರಿಸಿಕೊಂಡನು. ಚಕ್ರವರ್ತಿಯ ಪಕ್ಕದಲ್ಲಿ ಹುಳುವನ್ನು ಕೂರಿಸಿದ ಈ ಹೆಸರಿನಿಂದಲೇ ಆತನು ಲೋಕಪ್ರಸಿದ್ಧನಾದುದು.

ಮಗುವಿಗೆ ಐದು ವರ್ಷವಾದಾಗ ಕುಟುಂಬವು ತಕರಾಜುಕಾ ಎಂಬ ಊರಿಗೆ ಬಂದು ನೆಲಸಿತು. ಈ ಊರಿನ ವಿಷಯವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ರೈಲುಮಾರ್ಗದ ಮಾಲಿಕರೊಬ್ಬರು ತಮ್ಮ ಗಾಡಿಗಳಿಗೆ ಪ್ರಯಾಣಿಕರನ್ನು ಸೆಳೆಯುವುದಕ್ಕಾಗಿ, ಮಾರ್ಗದ ಕೊನೆಯ ಈ ಬಿಸಿನೀರಿನ ಬುಗ್ಗೆಗಳ ಊರಿನಲ್ಲಿ ಒಂದು ನಾಟ್ಯಮಂಡಳಿಯನ್ನು ಕಟ್ಟಿದ್ದರು. ಅದರ ಮೊದಲ ಪ್ರದರ್ಶನವಾದುದು 1914ರಲ್ಲಿ. ಅದರ ವಿಶೇಷವೆಂದರೆ ರಾಜನಿರಲಿ, ಸೇನಾಪತಿಯಿರಲಿ, ಪ್ರಿಯಕರನಿರಲಿ, ಎಲ್ಲ ಪಾತ್ರಗಳನ್ನೂ ಹೆಣ್ಣುಮಕ್ಕಳೇ ವಹಿಸುವುದು. ನಮ್ಮ ಕರಾವಳಿಯ ಬಯಲಾಟಗಳಲ್ಲಿ ಗಂಡಸರು ಸ್ತ್ರೀವೇಷ ಕಟ್ಟಿ ಬೆಳಗಿನವರೆಗೆ ಕುಣಿದುದನ್ನು ಕಂಡ ನಮಗೆ ಇದು ಕನ್ನಡಿಯಲ್ಲಿ ತಿರುಗಿ ಕಾಣುವ ಅದೇ ಚಿತ್ರ. ತಾಯಿಯು ಮಗನನ್ನು ಕೈಹಿಡಿದು ಈ ರಂಗಮಂದಿರಕ್ಕೆ ಮೇಲಿಂದ ಮೇಲೆ ಕರೆದೊಯ್ಯುತ್ತಿದ್ದಳು. ತಂದೆಯಾದರೋ ಮನೆಯಲ್ಲಿ ಚಿಕ್ಕದೊಂದು ಚಲಚ್ಚಿತ್ರ ಯಂತ್ರವನ್ನಿಟ್ಟುಕೊಂಡು ಚಾಪ್ಲಿನ್ ಮತ್ತು ಡಿಸ್ನಿಯವರ ಚಿತ್ರಗಳನ್ನು ಗೋಡೆಯ ಮೇಲೆ ಬಿಡುತ್ತಿದ್ದನು. ಕತ್ತಿ ಹಿಡಿದ ನಟಿಯರ ತೀಡಿದ ಕಣ್ಣುಗಳೂ, ಡಿಸ್ನಿಯ ಪ್ರಾಣಿಗಳ ಅಗಲಕಣ್ಣುಗಳೂ ಬಾಲಕನ ಮನಸ್ಸಿನಲ್ಲಿ ಒಂದಾಗಿ ಕುಳಿತವು. ಇಂದು ಜಪಾನಿನ ಚಿತ್ರಕಥೆಗಳ ಕಣ್ಣುಗಳು ಅಷ್ಟು ದೊಡ್ಡವೇಕೆಂದು ಕೇಳುವವರಿಗೆ ಉತ್ತರದ ಬಹುಭಾಗ ಇಲ್ಲಿಯೇ ಉಂಟು.

ಯುದ್ಧದ ಕಾಲವನ್ನು ಬೇಗ ದಾಟೋಣ. ದುಡಿಮೆಯ ಶಿಬಿರದಲ್ಲಿ ಕೈಗಳಿಗೆ ಹುಳುಕು ಹತ್ತಿ, ಕೈಯನ್ನೇ ಕಳೆದುಕೊಳ್ಳುವ ಭಯದಲ್ಲಿದ್ದ ಹುಡುಗನನ್ನು ವೈದ್ಯನೊಬ್ಬನು ಉಳಿಸಿದನು. ವೈದ್ಯನಾಗಬೇಕೆಂಬ ಆಸೆ ಹುಟ್ಟಿದುದು ಆಗಲೇ. 1945ರ ಜೂನಿನಲ್ಲಿ ಒಸಾಕಾದ ಕಾರಖಾನೆಯ ಕಾವಲು ಗೋಪುರದ ಮೇಲೆ ನಿಂತಿದ್ದಾಗ ಬಾಂಬುಗಳು ಸಮೀಪದಲ್ಲಿಯೇ ಬಿದ್ದವು. ಹುಡುಗನು ಬದುಕಿದನು, ಸುತ್ತಲಿನವರು ಅನೇಕರು ಬದುಕಲಿಲ್ಲ. ಅಗೋಸ್ತಿನಲ್ಲಿ ಯುದ್ಧ ನಿಂತ ರಾತ್ರಿ ಒಸಾಕಾದ ದೀಪಗಳು ಮತ್ತೆ ಹೊತ್ತಿದುದನ್ನು ಕಂಡು, ಇನ್ನು ತಾನು ಮನಸಾರೆ ಚಿತ್ರ ಬರೆಯಬಹುದೆಂದು ಹಿಗ್ಗಿದನಂತೆ. ಅದೇ ವರ್ಷ ವೈದ್ಯಶಾಲೆಯನ್ನೂ ಸೇರಿದ್ದನು.

1946ರ ಜನವರಿ 4ರಂದು ಮಕ್ಕಳ ಪತ್ರಿಕೆಯೊಂದರಲ್ಲಿ ತೆಜುಕಾರ ನಾಲ್ಕು ಚೌಕದ ಚಿತ್ರಕಥೆ ಅಚ್ಚಾಯಿತು. ಆಗ ವಯಸ್ಸು ಕೇವಲ 17. ಮರುವರ್ಷ, ಸಕಾಯಿ ಶಿಚಿಮಾ ಎಂಬ ಹಿರಿಯರೊಡನೆ ಕೂಡಿ ತಂದ 'ನವನಿಧಿ ದ್ವೀಪ' ಎಂಬರ್ಥದ ಪುಸ್ತಕವು 4 ಲಕ್ಷ ಪ್ರತಿ ಮಾರಾಟವಾಯಿತೆಂದು ಹೇಳುತ್ತಾರೆ. ಹೊಟ್ಟೆಗೆ ಅನ್ನವಿಲ್ಲದ ಆ ದಿನಗಳಲ್ಲಿ, ಒಸಾಕಾದ ಬೀದಿ ಅಂಗಡಿಗಳಲ್ಲಿ ಮಿಠಾಯಿ ಆಟಿಕೆಗಳ ಜತೆ ಮಾರುತ್ತಿದ್ದ ಒರಟು ಕಾಗದದ ಪುಸ್ತಕಗಳವು. ಅದರ ಹೊಸತನವೆಂದರೆ ಓಡುವ ಮೋಟಾರನ್ನು ಒಂದೇ ಚಿತ್ರದಲ್ಲಿ ತೋರಿಸದೆ, ಸಿನಿಮಾ ಯಂತ್ರವು ಹತ್ತಿರ ಸರಿದು ಹಿಂದೆ ಸರಿಯುವಂತೆ ಚಿತ್ರದ ಮೇಲೆ ಚಿತ್ರ ಬರೆದುದು. ಪುಟವನ್ನು ನೋಡುವ ಮಗುವಿಗೆ ಮೋಟಾರು ನಿಜವಾಗಿಯೂ ಓಡಿತು.

ಹಗಲು ವೈದ್ಯಶಾಲೆ, ರಾತ್ರಿ ಚಿತ್ರಕಥೆ. ಎರಡು ದೋಣಿಗಳಲ್ಲಿ ಕಾಲಿಟ್ಟವನ ಪಾಡು ನಮ್ಮ ರಾತ್ರಿಶಾಲೆಯ ಹುಡುಗರಿಗೆ ಬಣ್ಣಿಸಿ ಹೇಳಬೇಕಾಗಿಲ್ಲ. ಕೊನೆಗೆ ತಾಯಿಯನ್ನು ಕೇಳಿದಾಗ ಆಕೆ, ಯಾವುದು ಹೆಚ್ಚು ಇಷ್ಟವೋ ಅದನ್ನೇ ಮಾಡೆಂದಳಂತೆ. ಆದರೂ ಪದವಿ ಮುಗಿಸಿ, ವೈದ್ಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆಯೇ ತೆಜುಕಾ ಆ ಬಾಗಿಲನ್ನು ಮುಚ್ಚಿದರು. ಪೂರ್ತಿ ಮುಚ್ಚಿದರೆಂದೂ ಹೇಳುವಂತಿಲ್ಲ. 1961ರಲ್ಲಿ, ಚಿತ್ರಕಥೆಯ ಉತ್ತುಂಗದಲ್ಲಿದ್ದಾಗ, ಕೆರೆಯ ಬಸವನ ಹುಳುವಿನ ಜೀವಕೋಶಗಳ ಮೇಲೆ ಪ್ರಬಂಧ ಬರೆದು ನಾರಾ ವೈದ್ಯವಿದ್ಯಾಲಯದಿಂದ ಡಾಕ್ಟರು ಪದವಿ ಪಡೆದರು. ಹುಳುಗಳು ಅವರನ್ನು ಬಿಡಲೇ ಇಲ್ಲ.

ತೊಕ್ಯೊ ನಗರದಲ್ಲಿ 1953ರಲ್ಲಿ ಅವರು ಬಾಡಿಗೆಗೆ ಹಿಡಿದುದು ತೊಕಿವಾಸೊ ಎಂಬ ಎರಡಂತಸ್ತಿನ ಮರದ ಮನೆಯ ಕೋಣೆ. ನಾಲ್ಕೂವರೆ ಚಾಪೆಯಗಲದ ಕೋಣೆಗಳು, ಎಲ್ಲರಿಗೂ ಸೇರಿ ಒಂದೇ ಅಡಿಗೆಮನೆ, ಒಂದೇ ಶೌಚಾಲಯ. ಮುಂಬಯಿಯ ಚಾಳುಗಳಲ್ಲಿ ಹತ್ತು ಮಂದಿ ಒಂದು ಖೋಲಿಯಲ್ಲಿ ಮಲಗಿದ ನಮ್ಮವರಿಗೆ ಈ ಚಿತ್ರ ಅಪರಿಚಿತವಲ್ಲ. ಅಲ್ಲಿಂದ ಹೊರಡುವಾಗ ತಮ್ಮ ಕೋಣೆಯನ್ನು, ಮುಂಗಡ ಠೇವಣಿಯ ಸಹಿತವಾಗಿ, ಹಳ್ಳಿಗಾಡಿನಿಂದ ಬಂದ ಇಬ್ಬರು ಬಡ ಚಿತ್ರಕಾರ ಗೆಳೆಯರಿಗೆ ಬಿಟ್ಟುಕೊಟ್ಟರು. ಆ ಇಬ್ಬರಲ್ಲಿ ಒಬ್ಬನೇ ಮುಂದೆ, ನಮ್ಮ ದೇಶದ ಮಕ್ಕಳು ದೂರದರ್ಶನದ ಮುಂದೆ ಊಟ ಮರೆತು ನೋಡುವ 'ದೊರೆಮೊನ್' ಎಂಬ ಬೆಕ್ಕನ್ನು ಸೃಷ್ಟಿಸಿದವನು.

ಅದೇ 1953ರ ಜನವರಿಯಲ್ಲಿ 'ಹುಡುಗಿಯರ ಕ್ಲಬ್ಬು' ಎಂಬ ಮಾಸಪತ್ರಿಕೆಯಲ್ಲಿ ಆರಂಭವಾಯಿತು 'ರಿಬ್ಬನಿನ ಯೋಧ'. ಇಂಗ್ಲಿಷಿನಲ್ಲಿ ಇದರ ಹೆಸರು 'ಪ್ರಿನ್ಸೆಸ್ ನೈಟ್'. ಕಥೆಯನ್ನು ಸಂಗ್ರಹಿಸಿ ಹೇಳುತ್ತೇವೆ. ಹುಟ್ಟಲಿರುವ ಶಿಶುಗಳಿಗೆ ಸ್ವರ್ಗದಲ್ಲಿ ಹೃದಯಗಳನ್ನು ಹಂಚುವಾಗ ತುಂಟ ದೇವದೂತನೊಬ್ಬನು ಒಂದೇ ಮಗುವಿಗೆ ಗಂಡು ಹೃದಯ, ಹೆಣ್ಣು ಹೃದಯ ಎರಡನ್ನೂ ತಿನ್ನಿಸಿಬಿಡುತ್ತಾನೆ. ಆ ಮಗುವು ಬೆಳ್ಳಿನಾಡಿನ ರಾಜಪುತ್ರಿ ಸಫಾಯರ್. ಆ ನಾಡಿನಲ್ಲಿ ಗಂಡಸಿಗಲ್ಲದೆ ಪಟ್ಟವಿಲ್ಲ. ಪಟ್ಟವು ದುಷ್ಟ ಡ್ಯೂಕನ ಮಂಕು ಮಗನ ಪಾಲಾಗದಿರಲೆಂದು ಆಕೆಯನ್ನು ರಾಜಕುಮಾರನೆಂದೇ ಲೋಕಕ್ಕೆ ಸಾರಿ ಬೆಳೆಸುತ್ತಾರೆ. ಹಗಲು ಕತ್ತಿವರಸೆ, ಗುಟ್ಟಾಗಿ ಹೆಣ್ಣುಡುಗೆ. ನೆರೆನಾಡಿನ ರಾಜಕುಮಾರ ಫ್ರಾಂಜನು ಹೆಣ್ಣುಡುಗೆಯಲ್ಲಿ ಕಂಡವಳನ್ನು ಪ್ರೇಮಿಸಿ, ಗಂಡುಡುಗೆಯಲ್ಲಿ ಕಂಡವನನ್ನು ಶತ್ರುವೆಂದು ಬಗೆಯುತ್ತಾನೆ. ತಕರಾಜುಕಾದ ರಂಗಸ್ಥಳವೇ ಇಡಿಯಾಗಿ ಎದ್ದು ಪುಟಗಳೊಳಕ್ಕೆ ನಡೆದು ಬಂದಂತಿದೆ.

ಈಗ ನಮ್ಮ ಅಭಿಪ್ರಾಯ. ಎರಡು ಸಂಪುಟಗಳ ಇಂಗ್ಲಿಷು ಭಾಷಾಂತರವನ್ನು ನಾವು ಎರಡಾವರ್ತಿ ಓದಿದ್ದೇವೆ. ಅದು ತೆಜುಕಾ 1963ರಿಂದ ಅದೇ ಕಥೆಯನ್ನು ಮತ್ತೊಂದು ಪತ್ರಿಕೆಗಾಗಿ ಹೊಸದಾಗಿ ಬರೆದ ರೂಪ. ಕಥೆಯ ಓಟ ಅದ್ಭುತ, ಮಾಯಾವಿನಿಯ ಭಾಗಗಳು ಬಲು ಸೊಗಸು. ಆದರೆ ಗಂಡು ಹೃದಯವನ್ನು ಕಿತ್ತೊಡನೆ ಸಫಾಯರಳ ಕತ್ತಿ ಹಿಡಿದ ಕೈಯೂ ಸೋತುಹೋಗುತ್ತದೆಂಬುದು ನಮಗೆ ಒಪ್ಪಿಗೆಯಾಗಲಿಲ್ಲ. ವರ್ಷಗಟ್ಟಲೆ ಅಭ್ಯಾಸ ಮಾಡಿ ಕಲಿತ ವಿದ್ಯೆಯು ಎದೆಯೊಳಗಿನ ಒಂದು ಗುಂಡಿಯಲ್ಲಿರುತ್ತದೆಯೇ? ಗಂಡ ತೀರಿದ ಮೇಲೆ ಊರಿನಲ್ಲಿ ನಾಲ್ಕು ಮಕ್ಕಳನ್ನೂ ಎರಡು ಎಕರೆ ಗದ್ದೆಯನ್ನೂ ಸಂಬಾಳಿಸಿದ ನಮ್ಮ ತಾಯಿಗೆ ಯಾವ ದೇವದೂತನೂ ಎರಡನೆಯ ಹೃದಯ ಕೊಟ್ಟಿರಲಿಲ್ಲ. ನಮಗೆ ಸಫಾಯರಳಿಗಿಂತ ಮಾಯಾವಿನಿಯ ಮಗಳು ಹೆಕೇಟ್ ಮೆಚ್ಚುಗೆಯಾದಳು. ರಾಜಕುಮಾರಿಯ ಹೆಣ್ಣು ಹೃದಯವನ್ನು ಕದ್ದು ಮಗಳಿಗಿಟ್ಟು, ಅವಳನ್ನು ರಾಜಕುಮಾರನಿಗೆ ಕೊಟ್ಟು ಮದುವೆ ಮಾಡಬೇಕೆಂದು ತಾಯಿ ಹವಣಿಸಿದರೆ, ತನಗೆ ಅದು ಬೇಡವೆನ್ನುವ ಹುಡುಗಿ ಅವಳು. ಅಂಥವಳನ್ನೂ ಬರೆದವರು ತೆಜುಕಾರೇ ಎಂಬುದನ್ನು ಮರೆಯಬಾರದು.

ಇದೇ ಗಂಟನ್ನು ಬಿಡಿಸಿದುದು ಮುಂದಿನ ತಲೆಮಾರಿನ ಹೆಣ್ಣುಮಕ್ಕಳು. ರಿಯೊಕೊ ಇಕೆದಾ ಎಂಬಾಕೆ 1972ರಲ್ಲಿ ಆರಂಭಿಸಿದ 'ವರ್ಸೇಯಿನ ಗುಲಾಬಿ'ಯಲ್ಲಿ ಗಂಡಿನಂತೆ ಬೆಳೆದ ಒಸ್ಕಾರ್ ಎಂಬ ಸೇನಾನಿಯು ಒಂದೇ ಹೃದಯದಿಂದಲೇ ಪ್ರೀತಿಸುತ್ತಾಳೆ, ಕಾದುತ್ತಾಳೆ, ಬಾಸ್ತೀಯ ಕೋಟೆ ಬೀಳುವ ದಿನ ಮಡಿಯುತ್ತಾಳೆ. ನಮ್ಮ ಎಣಿಕೆಯಲ್ಲಿ ಅದು ಮೇಲ್ಮಟ್ಟದ ಕೃತಿ. 1974ರಲ್ಲಿ ಅದನ್ನು ರಂಗಕ್ಕೆ ತಂದವರು ಯಾರೆಂದರೆ ಅದೇ ತಕರಾಜುಕಾ ಮಂಡಳಿಯವರು.

ತೆಜುಕಾರ ದುಡಿಮೆಯ ರೀತಿ ವಿಪರೀತವಾದುದು. ಏಕಕಾಲದಲ್ಲಿ ಹಲವು ಪತ್ರಿಕೆಗಳಿಗೆ ಒಪ್ಪಿಕೊಂಡು, ಯಾವುದನ್ನೂ ಹೊತ್ತಿಗೆ ಕೊಡಲಾರದೆ, ಹತ್ತಾರು ಸಂಪಾದಕರು ಮನೆಯ ಹಜಾರದಲ್ಲಿಯೇ ಕಾದು ಮಲಗುವಂತಾಯಿತು. ಹೆಸರಿನ ಹುಳುವನ್ನು ಹಿಡಿದು ಅವರು ಇವರನ್ನು ತಡದ ಹುಳು ಎಂದೂ ಸುಳ್ಳಿನ ಹುಳು ಎಂದೂ ಹಾಸ್ಯ ಮಾಡಿದರು. ಲೇಖನಕ್ಕಾಗಿ ಮನೆಮನೆಯ ಮೆಟ್ಟಿಲು ಸವೆಸಿದ ನಾವು ಆ ಸಂಪಾದಕರ ಪಕ್ಷದವರು. ಇತ್ತ 1955ರ ಸುಮಾರಿಗೆ ತಾಯ್ತಂದೆಗಳ ಸಂಘಗಳು ಚಿತ್ರಕಥೆಗಳು ಮಕ್ಕಳನ್ನು ಕೆಡಿಸುವುವೆಂದು ಚಳವಳಿ ಹೂಡಿದಾಗ, ತೆಜುಕಾರ ಪುಸ್ತಕಗಳೂ ನಿಂದೆಗೆ ಗುರಿಯಾದವು. ಗಲ್ಲಾಪೆಟ್ಟಿಗೆಯೊಳಗಿನ ಪುಸ್ತಕದ ನೆನಪಾಗಿ ಈ ಸಂಗತಿಯನ್ನು ಓದುವಾಗ ನಾವು ತಲೆ ತಗ್ಗಿಸಿದೆವು.

1963ರ ಜನವರಿ 1ರಂದು ಅವರ ಯಂತ್ರಬಾಲಕ 'ಆಟಮ್' ದೂರದರ್ಶನದಲ್ಲಿ ಚಲಿಸತೊಡಗಿದನು. ವಾರವಾರವೂ ಅರ್ಧಗಂಟೆಯ ಚಲಿಸುವ ಚಿತ್ರಮಾಲೆಯು ಆ ದೇಶಕ್ಕೆ ಅದೇ ಮೊದಲು. ಇಲ್ಲಿ ತೆಜುಕಾ ಒಂದು ವ್ಯಾಪಾರದ ತಪ್ಪು ಮಾಡಿದರು. ಪ್ರತಿ ಕಂತನ್ನೂ ತಗಲಿದ ವೆಚ್ಚಕ್ಕಿಂತ ಬಹಳ ಕಡಿಮೆಗೆ ಮಾರಿ, ಕೊರತೆಯನ್ನು ಗೊಂಬೆ ಮಿಠಾಯಿಗಳ ಮೇಲಿನ ಚಿತ್ರದ ಹಕ್ಕಿನಿಂದಲೂ, ತಮ್ಮ ಲೇಖನಿಯ ಸಂಪಾದನೆಯಿಂದಲೂ ತುಂಬಿಸಿದರು. ಎದುರಿನ ಹೋಟೆಲಿನವನು ಇಡ್ಲಿಯ ದರ ಇಳಿಸಿದನೆಂದು ತಾವೂ ಇಳಿಸಿ ಕೈ ಸುಟ್ಟುಕೊಂಡವರಿಗೆ ಇದರ ಅರ್ಥ ತಿಳಿಯುತ್ತದೆ. ಒಮ್ಮೆ ಇಳಿದ ದರ ಮತ್ತೆ ಏರುವುದಿಲ್ಲ. ಆ ಉದ್ಯಮದ ಕೂಲಿಕಾರರು ಕಡಿಮೆ ಸಂಬಳಕ್ಕೆ ದುಡಿಯಬೇಕಾಗಿ ಬಂದುದಕ್ಕೆ ಈ ದರವೇ ಕಾರಣವೆಂದು ದೂರುವವರು ಬಹಳ ಮಂದಿ. ಪೂರ್ಣ ಹೊಣೆಯನ್ನು ಒಬ್ಬರ ತಲೆಗೆ ಕಟ್ಟುವುದು ಸರಿಯಲ್ಲವೆಂದು ನಮಗೆ ತೋರುತ್ತದೆ. ಆದರೆ ದೂರು ಹುರುಳಿಲ್ಲದ್ದೂ ಅಲ್ಲ. 1973ರಲ್ಲಿ ಅವರು ಕಟ್ಟಿದ ಚಿತ್ರಸಂಸ್ಥೆ ದಿವಾಳಿಯಾಯಿತು. ಓದುಗರ ರುಚಿಯೂ ಬದಲಾಗಿತ್ತು. ತೆಜುಕಾರ ಕಾಲ ಮುಗಿಯಿತೆಂದು ಎಲ್ಲರೂ ಆಡಿಕೊಂಡರು.

ಆ ವರ್ಷದ ಕೊನೆಯಲ್ಲಿಯೇ, ನಾಲ್ಕಾರು ಸಂಚಿಕೆಗಳಿಗೆಂದು ಒಂದು ವಾರಪತ್ರಿಕೆ ಕೊಟ್ಟ ಸ್ಥಳದಲ್ಲಿ ಅವರು 'ಬ್ಲ್ಯಾಕ್ ಜ್ಯಾಕ್' ಎಂಬ ಪರವಾನಿಗೆಯಿಲ್ಲದ ಶಸ್ತ್ರವೈದ್ಯನ ಕಥೆ ತೊಡಗಿದರು. ಇಪ್ಪತ್ತು ವರ್ಷ ಪೆಟ್ಟಿಗೆಯಲ್ಲಿದ್ದ ವೈದ್ಯವಿದ್ಯೆ ಈಗ ಕೈಹಿಡಿಯಿತು. ಕಥೆಗಳು 200 ಮೀರಿದವು. 1972ರಿಂದ 1983ರ ವರೆಗೆ ಬರೆದ 'ಬುದ್ಧ' ನಮ್ಮ ದೇಶದ ಕಥೆ. ಪ್ರಾಣಿಗಳ ದೇಹದೊಳಗೆ ಹೊಗಬಲ್ಲ ಹುಡುಗನೇ ಮೊದಲಾದ ಕಲ್ಪಿತ ಪಾತ್ರಗಳನ್ನು ಅವರು ಧಾರಾಳವಾಗಿ ಸೇರಿಸಿದ್ದಾರೆ. ಶಾಸ್ತ್ರಬಲ್ಲವರು ಮುಖ ಸಿಂಡರಿಸಬಹುದು. ನಾವು ಎಂಟು ಸಂಪುಟಗಳನ್ನೂ ಓದಿ ಮುಗಿಸಿದೆವು.

1954ರಲ್ಲಿ ತೊಡಗಿದ 'ಅಗ್ನಿಪಕ್ಷಿ'ಯನ್ನು ಅವರು ತಮ್ಮ ಜೀವಮಾನದ ಕೃತಿಯೆಂದು ತಿಳಿದಿದ್ದರು. ಅದರ ನೆತ್ತರು ಕುಡಿದವರಿಗೆ ಸಾವಿಲ್ಲ. ಅದನ್ನು ಅರಸಿ ಮನುಷ್ಯರು ಯುಗಯುಗಾಂತರದಲ್ಲಿ ಕೆಡುತ್ತಾರೆ. ಒಂದು ಭಾಗ ಪುರಾತನ ಕಾಲದ್ದಾದರೆ ಮುಂದಿನದು ದೂರ ಭವಿಷ್ಯದ್ದು. ಎರಡು ಕೊನೆಗಳಿಂದ ನಡೆದು ಇಂದಿನ ಕಾಲದಲ್ಲಿ ಸಂಧಿಸಬೇಕೆಂಬುದು ಯೋಜನೆ. ಆ ಸಂಧಿ ಬರೆಯಲಾಗಲಿಲ್ಲ. ಹೊಟ್ಟೆಯ ಅರ್ಬುದ ರೋಗದಿಂದ ಆಸ್ಪತ್ರೆ ಸೇರಿದ ಮೇಲೂ ಹಾಸಿಗೆಯಲ್ಲಿಯೇ ಬರೆಯುತ್ತಿದ್ದು, ಎಚ್ಚರ ತಪ್ಪುವಾಗಲೂ ಪೆನ್ಸಿಲು ಕೇಳುತ್ತ, 1989ರ ಫೆಬ್ರುವರಿ 9ರಂದು ಅವರು ತೀರಿಕೊಂಡರು. ಬರೆದ ಪುಟಗಳು ಸುಮಾರು 1,50,000. ತಮ್ಮ ಹುಟ್ಟಿದ ವರ್ಷವನ್ನು ಎರಡು ವರ್ಷ ಹಿಂದಕ್ಕೆ ಹೇಳಿಕೊಂಡು ಬಂದಿದ್ದುದರಿಂದ, ಹೋದವರಿಗೆ ಅರವತ್ತೆರಡಲ್ಲ, ಅರವತ್ತೇ ವರ್ಷವೆಂಬುದು ಲೋಕಕ್ಕೆ ತಿಳಿದುದು ಆಗಲೇ. ತಕರಾಜುಕಾದಲ್ಲಿ, ನಾಟ್ಯಮಂದಿರಕ್ಕೆ ಸಮೀಪದಲ್ಲಿ, 1994ರಲ್ಲಿ ಅವರ ಸ್ಮಾರಕ ಸಂಗ್ರಹಾಲಯ ತೆರೆಯಿತು.

ನಮ್ಮ ಆ ಹುಡುಗನು ಪರೀಕ್ಷೆ ಪಾಸಾಗಿ, ಪುಣೆಯ ಕಡೆ ಗುಮಾಸ್ತನ ಕೆಲಸ ಹಿಡಿದು ಹೋದನೆಂದು ಕೇಳಿದ್ದೇವೆ. ಹೋಟೆಲು ಮಾರುವಾಗ ಗಲ್ಲಾಪೆಟ್ಟಿಗೆಯಲ್ಲಿ ಅವನ ಪುಸ್ತಕ ಸಿಕ್ಕಿತು. ಅವನು ಈ ಪತ್ರಿಕೆಯನ್ನು ಓದುವವನಾಗಿದ್ದರೆ, ಅದು ಕಚೇರಿಯಲ್ಲಿ ನಮ್ಮ ಮೇಜಿನ ಬಲಗಡೆಯ ಖಾನೆಯಲ್ಲಿದೆ, ಬಂದು ಒಯ್ಯಬಹುದು.