ಮನೆಗಿಂತ ಮೊದಲು ನೀರಿಗೆ ದಾರಿ: ಸರ್ ಎಂ.ವಿ. ಸ್ಮರಣೆ

ನಾಗಪುರದ ದಕ್ಷಿಣ ಅಂಬಾಝರಿ ರಸ್ತೆಯಲ್ಲಿ ಸಾಗುವ ಕನ್ನಡಿಗನಿಗೆ ವಿಶ್ವೇಶ್ವರಯ್ಯ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ನಾಮಫಲಕ ಕಂಡಾಗ ಅಭಿಮಾನ ಮೂಡುವುದು ಸಹಜ. 1960ರಲ್ಲಿ ಆರಂಭವಾದ ಆ ವಿದ್ಯಾಸಂಸ್ಥೆ ನಮ್ಮ ನಾಡಿನ ಸುಪುತ್ರನ ಹೆಸರನ್ನು ಹೊತ್ತಿದೆ. ಕನ್ನಂಬಾಡಿ ಕಟ್ಟೆಯಿಂದ ಅವರನ್ನು ಬಲ್ಲ ನಾವು, ಪ್ರವಾಹಕ್ಕೆ ತುತ್ತಾದ ನಗರವೊಂದರ ಪುನರುತ್ಥಾನಕ್ಕೆ ಅವರು ಹಾಕಿಕೊಟ್ಟ ದಾರಿಯನ್ನು ಅಷ್ಟಾಗಿ ನೆನೆಯುವುದಿಲ್ಲ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಪುಣೆಯಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮುಗಿಸಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು, ಏಡನ್ ಬಂದರಿಗೆ ಒಳಚರಂಡಿಯ ಯೋಜನೆ, ಖಡಕ್‌ವಾಸ್ಲಾ ಜಲಾಶಯಕ್ಕೆ ಸ್ವಯಂಚಾಲಿತ ಬಾಗಿಲುಗಳು, ಹೀಗೆ ಅವರ ವೃತ್ತಿಜೀವನದ ಬಹುಭಾಗ ನೀರಿನೊಡನೆಯೇ ಸಾಗಿತು.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನ ಬಡಾವಣೆಗಳನ್ನು ಕೊಚ್ಚಿಕೊಂಡು ಹೋಯಿತು. ಮಡಿದವರು ಸುಮಾರು 15,000 ಮಂದಿಯೆಂದು ಅಂದಾಜು. ಮರುವರ್ಷ ನಿಜಾಮ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. ಅವರು ನದಿಯ ದಂಡೆಯನ್ನು ಮಾತ್ರ ನೋಡಿ ಸುಮ್ಮನಾಗಲಿಲ್ಲ. ಜಲಾನಯನ ಪ್ರದೇಶದ ಮಳೆಯ ಲೆಕ್ಕ ತೆಗೆದರು. ಅಲ್ಲಿದ್ದ 788 ಕೆರೆಗಳಲ್ಲಿ 221 ಒಡೆದಿದ್ದವೆಂಬುದನ್ನು ಕಂಡುಕೊಂಡರು. ನಗರವನ್ನು ರಕ್ಷಿಸಬೇಕಾದರೆ ನಗರದ ಮೇಲ್ಭಾಗದಲ್ಲಿಯೇ ನೆರೆಯನ್ನು ತಡೆಹಿಡಿದು, ನದಿಯ ಪಾತ್ರ ತಾಳುವಷ್ಟನ್ನೇ ಕ್ರಮೇಣ ಕೆಳಗೆ ಬಿಡಬೇಕೆಂಬುದು ಅವರ ನಿರ್ಣಯವಾಗಿತ್ತು. ಅದರಂತೆ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ನಗರದೊಳಗೆ ದಂಡೆಗಳನ್ನು ಎತ್ತರಿಸಿ ಅವುಗಳ ಗುಂಟ ರಸ್ತೆ ಹಾಗೂ ಉದ್ಯಾನಗಳನ್ನು, ಮನೆಗಳ ಮಲಿನ ನೀರಿಗೆ ಒಳಚರಂಡಿಯನ್ನು ಅವರು ಸೂಚಿಸಿದ್ದರು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದು, ಆ ಪದವಿಯನ್ನು ತ್ಯಜಿಸಿದ ಬಳಿಕವೂ 1922ರಲ್ಲಿ ಅದೇ ಒಳಚರಂಡಿಯ ಕಾರ್ಯಕ್ಕಾಗಿ ಹೈದರಾಬಾದಿಗೆ ಮರಳಿದರು. 1955ರಲ್ಲಿ ಭಾರತರತ್ನ ಗೌರವಕ್ಕೆ ಪಾತ್ರರಾದ ಈ ಶತಾಯುಷಿ 1962ರ ಏಪ್ರಿಲ್‌ನಲ್ಲಿ ಕಾಲವಶರಾದರು.

ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ದೇಶವು ಎಂಜಿನಿಯರುಗಳ ದಿನವೆಂದು ಆಚರಿಸುತ್ತದೆ. 2023ರಲ್ಲಿ ಆ ಆಚರಣೆ ಮುಗಿದು ಎಂಟೇ ದಿನಕ್ಕೆ, ಸೆಪ್ಟೆಂಬರ್ 23ರ ನಸುಕಿನಲ್ಲಿ, ಕೆಲವೇ ತಾಸುಗಳಲ್ಲಿ 100 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದು ಅಂಬಾಝರಿ ಕೆರೆ ಕೋಡಿ ಹರಿಯಿತು. ನಾಗ ನದಿಯ ಇಕ್ಕೆಲದ ತಗ್ಗಿನ ಬಡಾವಣೆಗಳಲ್ಲಿ ನಿದ್ರಿಸುತ್ತಿದ್ದವರ ಮನೆಗಳಿಗೆ ನೀರು ನುಗ್ಗಿತು, ಪ್ರಾಣಹಾನಿಯೂ ಸಂಭವಿಸಿತು.

ಬ್ಯಾಂಕಿನಲ್ಲಿ ಗೃಹಸಾಲದ ಕಡತಗಳನ್ನು ನೋಡುತ್ತ ಬಂದವನು ನಾನು. ನಿವೇಶನದ ಹಕ್ಕುಪತ್ರ, ಮಂಜೂರಾದ ನಕ್ಷೆ, ಅರ್ಜಿದಾರರ ವರಮಾನ ಎಲ್ಲವನ್ನೂ ಪರಿಶೀಲಿಸಿದ್ದೇನೆ. ಆದರೆ ಆ ನಿವೇಶನದ ಮೇಲ್ಭಾಗದಿಂದ ಮಳೆಯ ನೀರು ಯಾವ ದಾರಿಯಾಗಿ ಹರಿದು ಬರುವುದೆಂದು ಒಮ್ಮೆಯೂ ಕೇಳಲಿಲ್ಲ. ಸರ್ ಎಂ.ವಿ.ಯವರು ಹೈದರಾಬಾದಿನಲ್ಲಿ ಮೊದಲು ಕೇಳಿದ್ದು ಅದನ್ನೇ. ಈ ಊರಿನಲ್ಲಿ ಮನೆ ಕೊಳ್ಳಹೊರಟಿರುವ ನಮ್ಮ ಮಕ್ಕಳು ಆ ಪ್ರಶ್ನೆಯನ್ನು ಕೇಳುವಂತಾದರೆ ಅದೇ ಅವರಿಗೆ ನಾವು ಸಲ್ಲಿಸಬಹುದಾದ ಗೌರವ.