ಶುಶ್ರೂಷಾಮಾತೆ ಫ್ಲಾರೆನ್ಸ್ ನೈಟಿಂಗೇಲ್

ನಡುರಾತ್ರಿಯಲ್ಲಿ ದೀಪವನ್ನು ಹಿಡಿದು, ಗಾಯಾಳುಗಳ ಮಂಚದಿಂದ ಮಂಚಕ್ಕೆ ನಡೆಯುವ ಮಹಿಳೆಯೊಬ್ಬಳ ಚಿತ್ರವನ್ನು ನಾವೆಲ್ಲರೂ ಶಾಲೆಯ ಪುಸ್ತಕಗಳಲ್ಲಿ ಕಂಡಿರುವೆವು. ಆ ದೀಪಧಾರಿಣಿಯ ಹಿರಿದಾದ ಕಾರ್ಯವು ಯುದ್ಧಭೂಮಿಯಿಂದ ಹಿಂದಿರುಗಿದ ಮೇಲೆಯೇ ಮೊದಲಾಯಿತೆಂಬುದನ್ನು ಬಲ್ಲವರು ವಿರಳ. ಸಂಘದ ಈ ವಾರ್ಷಿಕೋತ್ಸವದ ಸಂದರ್ಭದಲ್ಲಿ ಆಕೆಯ ಜೀವನವನ್ನು ಸಂಕ್ಷೇಪವಾಗಿ ವಾಚಕರ ಮುಂದಿಡಲು ಬಯಸುತ್ತೇವೆ.

ಫ್ಲಾರೆನ್ಸ್ ನೈಟಿಂಗೇಲಳು 1820ನೆಯ ಇಸವಿ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಇಂಗ್ಲೆಂಡಿನ ಸಿರಿವಂತ ಮನೆತನವೊಂದರಲ್ಲಿ ಜನಿಸಿದಳು. ಹುಟ್ಟಿದ ಊರಿನ ಹೆಸರೇ ಆಕೆಯ ಹೆಸರಾಯಿತು. ತಂದೆಯೇ ಗುರುವಾಗಿ ಗ್ರೀಕ್, ಲ್ಯಾಟಿನ್ ಭಾಷೆಗಳನ್ನೂ ಇತಿಹಾಸವನ್ನೂ ಕಲಿಸಿದನು. ರೋಗಿಗಳ ಸೇವೆಗೆ ಹೋಗುವೆನೆಂದು ಮಗಳು ಹೇಳಿದಾಗ ಮನೆಯವರು ಕಂಗೆಟ್ಟರು. ಆಸ್ಪತ್ರೆಯ ದಾದಿಯ ಕೆಲಸವು ಕುಲೀನರಿಗೆ ಸಲ್ಲದೆಂಬ ಭಾವನೆ ಅಂದು ಬೇರೂರಿತ್ತು. ಆಕೆ ವರ್ಷಗಟ್ಟಲೆ ಕಾದಳು. ಒಲಿದು ಬಂದ ವಿವಾಹವನ್ನೂ ನಿರಾಕರಿಸಿದಳು. ಕಡೆಗೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತಿನಲ್ಲಿ ಮೂರು ತಿಂಗಳು ಶುಶ್ರೂಷೆಯನ್ನು ಅಭ್ಯಾಸ ಮಾಡಿದಳು.

ಕ್ರಿಮಿಯಾ ಯುದ್ಧದಲ್ಲಿ ಗಾಯಗೊಂಡ ಆಂಗ್ಲ ಸೈನಿಕರ ದುರವಸ್ಥೆಯ ವಾರ್ತೆ ಪತ್ರಿಕೆಗಳಲ್ಲಿ ಬಂದೊಡನೆ, 1854ರ ಅಕ್ಟೋಬರಿನಲ್ಲಿ 38 ಮಂದಿ ದಾದಿಯರೊಡನೆ ಆಕೆ ತುರ್ಕಿಯ ಸ್ಕುಟಾರಿಗೆ ಹೊರಟಳು. ಅಲ್ಲಿನ ಆಸ್ಪತ್ರೆಯ ಅಡಿಯಲ್ಲಿ ಚರಂಡಿಗಳು ಕಟ್ಟಿ ನಾರುತ್ತಿದ್ದವು. ನೈಟಿಂಗೇಲಳು ಪಥ್ಯದ ಅಡಿಗೆಮನೆಗಳನ್ನೂ ಬಟ್ಟೆ ಒಗೆಯುವ ವ್ಯವಸ್ಥೆಯನ್ನೂ ಏರ್ಪಡಿಸಿದಳು. ಸತ್ತವರ ಮನೆಗಳಿಗೆ ತಾನೇ ಪತ್ರ ಬರೆದಳು. ಸಿಪಾಯಿಗಳ ಸಂಬಳವು ಊರಿನ ಹೆಂಡಿರು ಮಕ್ಕಳಿಗೆ ತಲಪುವಂತೆ ಮಾಡಿದಳು. ಚೇತರಿಸಿಕೊಳ್ಳುವವರಿಗಾಗಿ ವಾಚನಮಂದಿರವನ್ನು ತೆರೆದಳು. ಔಷಧವು ಮುಟ್ಟಲಾರದ ನೋವನ್ನು ಆಕೆ ಬಲ್ಲವಳಾಗಿದ್ದಳು.

ಇಷ್ಟಾದರೂ ಮೃತ್ಯುವು ಹಿಮ್ಮೆಟ್ಟಲಿಲ್ಲ. 1855ರ ಫೆಬ್ರವರಿಯಲ್ಲಿ ಅಲ್ಲಿ ಸೇರಿದ ರೋಗಿಗಳಲ್ಲಿ ಶೇಕಡ 42 ಮಂದಿ ಮಡಿದರು. ಮಾರ್ಚಿನಲ್ಲಿ ಸರಕಾರದ ನೈರ್ಮಲ್ಯ ಮಂಡಲಿಯು ಬಂದು ಚರಂಡಿಗಳನ್ನು ಶುದ್ಧಿಮಾಡಿಸಿ, ಗೋಡೆಗಳಿಗೆ ಸುಣ್ಣ ಬಳಿಸಿ, ಗಾಳಿಗೆ ದಾರಿಮಾಡಿದ ಬಳಿಕವೇ ಸಾವು ಇಳಿಯಿತು. 1856ರಲ್ಲಿ ಮರಳಿದ ಮೇಲೆ ಆಕೆ ಲೆಕ್ಕಪತ್ರಗಳನ್ನೆಲ್ಲ ಸೋಸಿ ನೋಡಿದಳು. ಶತ್ರುವಿನ ಗುಂಡಿಗಿಂತ ವಾಂತಿಭೇದಿ, ವಿಷಮಜ್ವರ, ಆಮಶಂಕೆಗಳೇ ಬಹುಮಂದಿಯನ್ನು ಕೊಂದಿದ್ದವು. ತನ್ನ ಆಸ್ಪತ್ರೆಯೇ ಅಷ್ಟು ಮಂದಿಗೆ ಮರಣದ ಮನೆಯಾಗಿತ್ತೆಂಬ ಕಹಿಸತ್ಯವನ್ನು ಬಚ್ಚಿಡದೆ, ಬಣ್ಣದ ನಕ್ಷೆಗಳ ಮೂಲಕ ಅಧಿಕಾರಿಗಳ ಕಣ್ಣಿಗೆ ಕಾಣಿಸಿದಳು. ಈ ಧೈರ್ಯವು ದೀಪ ಹಿಡಿದ ಧೈರ್ಯಕ್ಕಿಂತ ಹಿರಿದೆಂದು ನಾವು ಭಾವಿಸುತ್ತೇವೆ.

ಯುದ್ಧಕಾಲದಲ್ಲಿ ತಗುಲಿದ ಜ್ವರದ ಪರಿಣಾಮವಾಗಿ ಆಕೆ ಮುಂದೆ ಬಹುಕಾಲ ಹಾಸಿಗೆಯನ್ನೇ ಆಶ್ರಯಿಸಬೇಕಾಯಿತು. ಹಾಸಿಗೆಯೇ ಕಚೇರಿಯಾಯಿತು. 1859ರಲ್ಲಿ ಶುಶ್ರೂಷೆಯನ್ನು ಕುರಿತ ಪುಸ್ತಕವನ್ನು ಗೃಹಿಣಿಯರಿಗಾಗಿ ಬರೆದು, 1861ರಲ್ಲಿ ಅದನ್ನೇ ಶ್ರಮಜೀವಿಗಳಿಗಾಗಿ ಸರಳಗೊಳಿಸಿ, ಹಸುಗೂಸಿನ ಆರೈಕೆಯ ಅಧ್ಯಾಯವೊಂದನ್ನು ಸೇರಿಸಿದಳು. ಕಿಟಕಿ ತೆರೆಯುವುದು, ಶುದ್ಧವಾದ ನೀರು, ಮಡಿಯಾದ ಹಾಸಿಗೆ, ಹೊತ್ತಿಗೆ ತಕ್ಕ ಪಥ್ಯ, ರೋಗಿಯ ಬಳಿ ಪಿಸುಗುಟ್ಟದಿರುವುದು, ಹುಸಿ ಭರವಸೆಯಿಂದ ಆತನನ್ನು ದಣಿಸದಿರುವುದು—ಇವೇ ಅದರ ಪಾಠಗಳು. ಕೆಟ್ಟ ಗಾಳಿಯೇ ರೋಗಮೂಲವೆಂದು ಆಕೆ ಬಹುಕಾಲ ನಂಬಿದ್ದುದು ತಪ್ಪಾಗಿದ್ದರೂ, ಬೋಧಿಸಿದ ಶುಚಿತ್ವ ಮಾತ್ರ ಸುಳ್ಳಾಗಲಿಲ್ಲ.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ದಾದಿಯರ ಶಾಲೆ ತೆರೆಯಿತು. ಬಡವರ ಮನೆಗಳಿಗೇ ಹೋಗಿ ಶುಶ್ರೂಷೆ ಮಾಡುವ ದಾದಿಯರ ಪದ್ಧತಿಗೆ ಬೆಂಬಲವಿತ್ತಳು. 1892ರಲ್ಲಿ ಬಕಿಂಗ್‌ಹ್ಯಾಮ್ ಪ್ರಾಂತದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ತಾಯಂದಿರಿಗೆ ಆರೋಗ್ಯಬೋಧೆ ಮಾಡುವ ಸ್ತ್ರೀಯರಿಗೆ ಶಿಕ್ಷಣವೀಯುವ ಕಾರ್ಯವನ್ನು ಪ್ರೇರಿಸಿದಳು.

ಭಾರತಕ್ಕೆ ಆಕೆ ಎಂದೂ ಬರಲಿಲ್ಲ. ಆದರೂ ನಮ್ಮ ಹಳ್ಳಿಗಳ ನೀರು, ನೈರ್ಮಲ್ಯ, ಕ್ಷಾಮಗಳನ್ನು ಕುರಿತು ದಶಕಗಳ ಕಾಲ ಬರೆದಳು. ಈ ದೇಶದ ಸ್ತ್ರೀಯರೇ ಹಳ್ಳಿಯ ಹೆಂಗಸರ ಬಳಿಗೆ ಹೋಗಿ ಆರೋಗ್ಯವನ್ನು ಬೋಧಿಸಬೇಕೆಂಬುದು ಆಕೆಯ ಆಶಯವಾಗಿತ್ತು. 1907ರಲ್ಲಿ ಬ್ರಿಟನ್ನಿನ ಆರ್ಡರ್ ಆಫ್ ಮೆರಿಟ್ ಗೌರವವನ್ನು ಪಡೆದ ಮೊದಲ ಮಹಿಳೆಯಾಗಿ, 1910ನೆಯ ಇಸವಿ ಆಗಸ್ಟ್ 13ರಂದು, ತೊಂಬತ್ತರ ವಯಸ್ಸಿನಲ್ಲಿ ದೇಹಬಿಟ್ಟಳು. ಆಕೆಯ ಜನ್ಮದಿನವನ್ನು ಇಂದು ಲೋಕವೆಲ್ಲ ದಾದಿಯರ ದಿನವಾಗಿ ಆಚರಿಸುತ್ತಿದೆ.

ಗಡಿನಾಡಿನ ನಮ್ಮ ಮನೆಗಳಿಗೆ ಈ ಚರಿತ್ರೆಯಿಂದ ಕಲಿಯುವುದುಂಟು. ಇಲ್ಲಿ ಔಷಧದ ಚೀಟಿಯ ಭಾಷೆ ಒಂದಾದರೆ, ಮನೆಯ ಅಜ್ಜಿಯ ಭಾಷೆ ಮತ್ತೊಂದು. ಊಟಕ್ಕೆ ಮೊದಲೋ ಅನಂತರವೋ ಎಂಬುದನ್ನು ತಿಳಿಯದೆ ಗುಳಿಗೆ ನುಂಗುವ ಹಿರಿಯರನ್ನು ನಾವು ಕಂಡಿದ್ದೇವೆ. ಅದಕ್ಕಾಗಿಯೇ ನಮ್ಮ ವಿದ್ಯಾರ್ಥಿಗಳಿಗೆ ಒಂದು ಮನೆಗೆಲಸವನ್ನು ಕೊಡುತ್ತಿದ್ದೇವೆ: ಮನೆಗೆ ಬಂದ ಚೀಟಿಯಲ್ಲಿರುವುದನ್ನು ವೈದ್ಯರಿಂದಲೋ ದಾದಿಯರಿಂದಲೋ ಚೆನ್ನಾಗಿ ಕೇಳಿ ತಿಳಿದು, ತಿಳಿಗನ್ನಡದಲ್ಲಿ ಬರೆದು, ರೋಗಿಯ ಬಳಿ ಕುಳಿತು ಓದಿ ಹೇಳಬೇಕು. ಪ್ರತಿಯೊಂದು ಕನ್ನಡ ಮನೆಯೂ ಇಷ್ಟನ್ನು ಕೈಗೊಂಡರೆ, ಆ ಮಹಾತಾಯಿಯ ದೀಪವು ನಮ್ಮ ಮನೆಗಳಲ್ಲಿಯೂ ಬೆಳಗೀತು.