ಚಿತ್ರ ಮತ್ತು ವೀಣೆಗಳ ನಡುವೆ: ಕಲಾವಿದ ಕೆ. ವೆಂಕಟಪ್ಪ

ಮೈಸೂರು ಸಂಸ್ಥಾನ ಕಂಡ ಶ್ರೇಷ್ಠ ಚಿತ್ರಕಲಾವಿದರಲ್ಲಿ ಕೆ. ವೆಂಕಟಪ್ಪನವರು ಅಗ್ರಗಣ್ಯರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆ ಇರುವುದು ಅನೇಕರಿಗೆ ಗೊತ್ತು. ಒಳಗೆ ಹೋಗಿ ಚಿತ್ರ ನೋಡಿದವರು ಮಾತ್ರ ಕಡಿಮೆ.

ಅವರು ಹುಟ್ಟಿದ್ದು 1886ರಲ್ಲಿ, ಅರಮನೆಯ ಚಿತ್ರಗಾರರ ಮನೆತನದಲ್ಲಿ. ತಂದೆ ಕೃಷ್ಣಪ್ಪನವರು ಆಸ್ಥಾನದ ಚಿತ್ರಗಾರರು. ಕುಂಚ ಹಿಡಿಯುವುದು ಹುಡುಗನಿಗೆ ಮನೆಯಲ್ಲೇ ಸಿಕ್ಕ ವಿದ್ಯೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಹೋದದ್ದು ಅವರ ಬದುಕಿನ ದಿಕ್ಕನ್ನೇ ಬದಲಿಸಿತು.

ಅಲ್ಲಿ ಗುರುಗಳಾಗಿ ಸಿಕ್ಕವರು ಅವನೀಂದ್ರನಾಥ ಠಾಕೂರರು. ಸಹಪಾಠಿ ನಂದಲಾಲ ಬೋಸರು. ಭಾರತೀಯ ಚಿತ್ರಕಲೆ ಪಾಶ್ಚಾತ್ಯರ ನೆರಳಿನಿಂದ ಹೊರಬಂದು ತನ್ನದೇ ದಾರಿ ಹುಡುಕುತ್ತಿದ್ದ ಕಾಲವದು. ಸೋದರಿ ನಿವೇದಿತಾ ಆರಂಭಿಸಿ ಆನಂದ ಕುಮಾರಸ್ವಾಮಿಯವರು ಪೂರ್ಣಗೊಳಿಸಿದ ಪುರಾಣಕಥೆಗಳ ಗ್ರಂಥ 1913ರಲ್ಲಿ ಹೊರಬಂದಾಗ ಅದರಲ್ಲಿ ವೆಂಕಟಪ್ಪನವರ ರಾಮಾಯಣದ ಚಿತ್ರಗಳಿದ್ದವು. ಭಾರತೀಯ ಶಿಲ್ಪದ ಅಂಗಲಕ್ಷಣಗಳನ್ನು ಕುರಿತ ಅವನೀಂದ್ರರ ಪುಸ್ತಿಕೆಗೂ ರೇಖಾಚಿತ್ರ ಬರೆದ ಇಬ್ಬರು ಶಿಷ್ಯರಲ್ಲಿ ಇವರೊಬ್ಬರು. ಕಲ್ಕತ್ತೆಯಲ್ಲೇ ಉಳಿದಿದ್ದರೆ ಇನ್ನೂ ದೊಡ್ಡ ಹೆಸರು ಬರುತ್ತಿತ್ತೇನೋ. ಅವರು ಮೈಸೂರಿಗೇ ಮರಳಿದರು.

ಮರಳಿದ ಮೇಲೆ ಇನ್ನೊಂದು ಪ್ರೀತಿ ಅವರನ್ನು ಹಿಡಿದುಕೊಂಡಿತು. ವೈಣಿಕ ಶಿಖಾಮಣಿ ಶೇಷಣ್ಣನವರಲ್ಲಿ ವೀಣೆ ಕಲಿಯತೊಡಗಿದರು. ಹವ್ಯಾಸಕ್ಕೆಂದು ನಾಲ್ಕು ಕೃತಿ ಕಲಿತು ಬಿಡುವ ಸ್ವಭಾವ ಅವರದಲ್ಲ. ಸಾಧನೆ ಎಷ್ಟು ಕಠಿಣವಾಯಿತೆಂದರೆ ಬಣ್ಣದ ಬಟ್ಟಲುಗಳು ಹಿಂದೆ ಸರಿದವು. ಕುಂಚವೋ ತಂತಿಯೋ ಎಂಬ ಈ ತೊಳಲಾಟವನ್ನೇ ವಸ್ತುವಾಗಿಸಿಕೊಂಡು, ವೀಣೆಯ ಹುಚ್ಚು ಹಿಡಿದ ತಮ್ಮನ್ನೇ ಚಿತ್ರಿಸಿಕೊಂಡರು. ತಮ್ಮ ದೌರ್ಬಲ್ಯವನ್ನು ತಾವೇ ಹೀಗೆ ಎಲ್ಲರ ಮುಂದಿಡಲು ಧೈರ್ಯ ಬೇಕು; ಸ್ವಲ್ಪ ಹಾಸ್ಯಬುದ್ಧಿಯೂ ಬೇಕು.

ಆದರೂ ಚಿತ್ರ ಅವರನ್ನು ಬಿಡಲಿಲ್ಲ. ಊಟಿ ಮತ್ತು ಕೊಡೈಕೆನಾಲ್‌ಗಳಲ್ಲಿ ತಂಗಿ ಬರೆದ ಜಲವರ್ಣದ ನಿಸರ್ಗಚಿತ್ರಗಳೇ ಅವರ ಸಾಧನೆಯ ಶಿಖರವೆಂದು ನಮ್ಮ ಅನಿಸಿಕೆ. ಬೆಟ್ಟದ ಮೇಲೆ ಮಂಜು ಇಳಿಯುವುದು, ಮಳೆಮೋಡ ಒಡೆಯುವುದು, ಬೆಳದಿಂಗಳಲ್ಲಿ ಊರು ಮಲಗಿರುವುದು, ಇಷ್ಟೇ ವಸ್ತು. ದೇವರಿಲ್ಲ, ರಾಜರಿಲ್ಲ, ಕಥೆಯೂ ಇಲ್ಲ. ಜಲವರ್ಣದಲ್ಲಿ ತಪ್ಪನ್ನು ಮುಚ್ಚಿ ಮತ್ತೆ ಬರೆಯುವುದು ಕಷ್ಟ. ಒಂದು ಪದರ ಆರಿದ ಮೇಲೆ ಇನ್ನೊಂದು ತೆಳು ಪದರ ಎಳೆಯಬೇಕು. ಆ ಸಹನೆ ಅವರಿಗಿತ್ತು.

ದಂತದ ಮೇಲಿನ ಪುಟ್ಟ ಭಾವಚಿತ್ರಗಳಲ್ಲೂ ಗಾರೆಯ ಉಬ್ಬುಶಿಲ್ಪಗಳಲ್ಲೂ ಅವರದು ಪಳಗಿದ ಕೈ. ಶಿವತಾಂಡವ, ಶಕುಂತಲೆಯ ಬೀಳ್ಕೊಡುಗೆ ಮೊದಲಾದ ಉಬ್ಬುಶಿಲ್ಪಗಳು ಪ್ರಸಿದ್ಧ. ಆದರೆ 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ಅರಮನೆಯ ಕೆಲಸ ನಿಂತಿತು. ಮಾಡಿದ ಕೆಲಸಕ್ಕೆ ಬರಬೇಕಾದ ಹಣದ ವಿಷಯದಲ್ಲಿ ವೆಂಕಟಪ್ಪನವರು ನ್ಯಾಯಾಲಯದ ಮೆಟ್ಟಿಲನ್ನೂ ಏರಿದರು. ಅರಮನೆಯ ಅನ್ನ ಉಂಡ ಮನೆತನದವರು ಅರಮನೆಯ ವಿರುದ್ಧವೇ ದಾವೆ ಹೂಡುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಕಲಾವಿದನ ದುಡಿಮೆಗೆ ತನ್ನದೇ ಬೆಲೆಯಿದೆ, ಅದು ಯಾರೋ ಕೊಡುವ ಇನಾಮಲ್ಲ ಎಂಬುದು ಅವರ ನಿಲುವಾಗಿತ್ತು.

ಮದುವೆಯಾಗಲಿಲ್ಲ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಹೆಚ್ಚು ಜನಸಂಪರ್ಕವಿಲ್ಲದೆ ಕಳೆದರು. ಕೇಂದ್ರ ಲಲಿತಕಲಾ ಅಕಾಡೆಮಿಯ ಫೆಲೋ ಗೌರವ ಅವರಿಗೆ ಸಂದಿತ್ತು. 1965ರಲ್ಲಿ ನಿಧನರಾದರು. ಅವರ ಕೃತಿಗಳಿಗೊಂದು ನೆಲೆಯಾಗಿ ಚಿತ್ರಶಾಲೆ ಆರಂಭವಾದದ್ದು ಆಮೇಲೆ, 1970ರ ದಶಕದಲ್ಲಿ.

ಮಕ್ಕಳನ್ನು ಕರೆದುಕೊಂಡು ಹೋಗುವವರು ಒಂದು ಗಮನಿಸಬೇಕು: ಊಟಿಯ ಚಿತ್ರಗಳು ಗಾತ್ರದಲ್ಲಿ ಚಿಕ್ಕವು. ದೂರದಿಂದ ನೋಡಿ ಮುಂದೆ ಸಾಗಿದರೆ ಏನೂ ಕಾಣುವುದಿಲ್ಲ. ಹತ್ತಿರ ನಿಂತು ಸ್ವಲ್ಪ ಹೊತ್ತು ನೋಡಿದರೆ ಮಂಜಿನ ಹಿಂದಿನ ಮರಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ.